ಹನ್ನೊಂದನೆಯ ಹಾಡು

ಅಮ್ಮಿ ಹಾಡುತ್ತಿದ್ದ ಮೆಹಂದಿ ರಾತ್ರಿಯ ಹಾಡುಗಳನ್ನು ಕ್ಯಾಸೆಟ್ಟಿನಿಂದ ಸಿ.ಡಿ.ಗೆ ಇಳಿಸಿದ್ದು 2006ರಲ್ಲಿ. ಅಂಗಡಿಯ ಹುಡುಗ, "ವೆರಿಫೈ ಮಾಡ್ಲಾ ಸಾರ್? ಇನ್ನೂ ಐದು ನಿಮಿಷ ಆಗುತ್ತೆ" ಎಂದ. ನನಗೆ ಬಸ್ಸಿನ ಅವಸರ. ಬೇಡವೆಂದೆ.

ಮನೆಯಲ್ಲಿ ಹಾಕಿ ನೋಡಿದರೆ ಹನ್ನೊಂದು ಹಾಡುಗಳ ಹೆಸರೂ ಸಾಲಾಗಿ ಕಂಡವು. ಮೊದಲನೆಯದನ್ನು ಅರ್ಧ ಕೇಳಿ ನಿಶ್ಚಿಂತನಾದೆ. ಆ ಕ್ಯಾಸೆಟ್ಟಿನ ಮೇಲೆ ರೇಡಿಯೋದ ಒಂದು ಮುಶಾಯಿರಾ ರೆಕಾರ್ಡ್ ಮಾಡಿಕೊಂಡೆ. ಉರ್ದು ಶಾಲೆಯಲ್ಲಿ ನಮ್ಮ ಉಸ್ತಾದರು ಇಮ್ಲಾ ಬರೆಸಿದರೆ, ಬರೆದದ್ದನ್ನು ಓದಿಸದೆ ಸ್ಲೇಟು ಒರೆಸಲು ಬಿಡುತ್ತಿರಲಿಲ್ಲ. ಅದು ನೆನಪಾಗಲಿಲ್ಲ.

ಅಮ್ಮಿ ತೀರಿಕೊಂಡದ್ದು 2011ರಲ್ಲಿ. ಊರಿನಿಂದ ಬಂದ ಆಪಾ ಹಾಡು ಕೇಳಬೇಕೆಂದರು. ಒಂಬತ್ತು ಹಾಡಿದವು. ಹತ್ತನೆಯದು ತಡವರಿಸಿ ನಿಂತಿತು. ಹನ್ನೊಂದನೆಯದು ಏಳಲೇ ಇಲ್ಲ. ಸಿ.ಡಿ.ಯ ಬರಹ ಒಳಗಿನಿಂದ ಅಂಚಿನ ಕಡೆಗೆ ಸಾಗುತ್ತದಂತೆ. ಹೆಸರುಗಳ ಪಟ್ಟಿ ನೆಟ್ಟಗಿದ್ದು, ಹಾಡು ಕೆಟ್ಟಿರಬಹುದು. ವೆರಿಫೈ ಎಂದರೆ ಬರೆದದ್ದನ್ನು ಮತ್ತೆ ಪೂರ್ತಿ ಓದಿ, ಮೂಲದೊಂದಿಗೆ ತಾಳೆ ನೋಡುವುದು.

ಆದರೆ ಅದೂ ಆ ದಿನದ ಸಾಕ್ಷಿಯಷ್ಟೇ. ಲೇಸರ್ ಗುರುತು ಮೂಡಿಸುವುದು ತೆಳುವಾದ ಬಣ್ಣದ ಪದರದ ಮೇಲೆ. ಬಿಸಿಲು, ಸೆಕೆ ಅದನ್ನು ಕೆಡಿಸುತ್ತವೆ. ನನ್ನ ಸಿ.ಡಿ. ಐದು ವರ್ಷ ಕಿಟಕಿಯ ಪಕ್ಕದ ಕಪಾಟಿನಲ್ಲಿತ್ತು. ಅಂಗಡಿಯಲ್ಲೇ ಕೆಟ್ಟಿತ್ತೋ, ನನ್ನ ಮನೆಯಲ್ಲಿ ಕೆಟ್ಟಿತೋ? ಹುಡುಗನನ್ನು ದೂರುವ ಹಕ್ಕನ್ನೂ ಆ ಐದು ನಿಮಿಷದಲ್ಲಿ ಕಳೆದುಕೊಂಡಿದ್ದೆ.

ಆಪಾ ಹತ್ತನೆಯ ಹಾಡನ್ನು ನೆನಪಿನಿಂದಲೇ ಹಾಡಿದರು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಅವರೆದುರೇ ಕೊನೆಯವರೆಗೆ ಕೇಳಿದೆ. ಹನ್ನೊಂದನೆಯದು ಅವರಿಗೂ ಬರಲಿಲ್ಲ.