ಬೋರಿನಾಗ ಕೆಂಪು ಮಣ್ಣು ಬಂತಂದ್ರ ಏನರ್ಥ?

ನಮ್ಮ ಇಂಡಿ ಭಾಗದಾಗ ಲಿಂಬಿ ಗಿಡ ಉಳಿಸಿಕೊಳ್ಳಲಿಕ್ಕೆ ಮತ್ತ ಬೋರಿನ ಗಾಡಿ ಓಡಾಡ್ಲಿಕ್ಕೆ ಹತ್ಯಾವ. ಸಾಲ ತೆಗೆದು ಇನ್ನೂರು ಫೂಟು ಮತ್ತ ಇಳಿಸೋ ಮುಂಚೆ, ಕೆಳಗ ಏನದ ಅಂತ ಒಮ್ಮೆ ನೋಡೋಣ.

ನಮ್ಮ ಕಾಲ ಕೆಳಗಿನ ಕರಿಕಲ್ಲು ಒಂದು ಕಾಲಕ್ಕೆ ಕುದಿಯೋ ಲಾವಾ. ಸುಮಾರು 6.6 ಕೋಟಿ ವರ್ಷದ ಹಿಂದೆ ಭೂಮಿಯ ಉದ್ದನ್ನ ಬಿರುಕುಗಳಿಂದ ಉಕ್ಕಿ, ಕಾಲುವೆ ಒಡೆದ ನೀರಿನಂಗ ಹರಿದು ಹಬ್ಬಿತು. ಒಂದು ಹಾಸು ಆರಿದ ಮ್ಯಾಲೆ ಇನ್ನೊಂದು ಬಂತು. ಸವೆದು ಉಳಿದಿರೋದೇ ಈಗ ಸುಮಾರು 5 ಲಕ್ಷ ಚದರ ಕಿಲೋಮೀಟರ್: ಮಹಾರಾಷ್ಟ್ರದ ಬಹುಭಾಗ, ಗುಜರಾತ್, ಮಧ್ಯಪ್ರದೇಶ, ಇತ್ತ ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ತನಕ. ಇದಕ್ಕೆ ಡೆಕ್ಕನ್ ಟ್ರ್ಯಾಪ್ ಅಂತಾರ. ಸ್ವೀಡನ್ ಭಾಷೆಯ ಮೆಟ್ಟಿಲು ಅನ್ನೋ ಶಬ್ದದಿಂದ ಬಂದ ಹೆಸರು. ಮಹಾಬಳೇಶ್ವರದ ಗುಡ್ಡಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣ್ತಾವಲ್ಲ, ಅವೇ ಈ ಹಾಸುಗಳು.

ಘಟ್ಟದ ಕಡೆ ದಪ್ಪ, ನಮ್ಮ ಕಡೆ ಅಂಚು, ಅದಕ್ಕೆ ತೆಳುವು. 1993ರ ಕಿಲ್ಲಾರಿ ಭೂಕಂಪದ ನಂತರ ಅಲ್ಲಿ ಕೊರೆದು ನೋಡಿದಾಗ 338 ಮೀಟರಿಗೆ, ಅಂದ್ರ ಸುಮಾರು 1,100 ಫೂಟಿಗೆ ಕರಿಕಲ್ಲು ಮುಗಿದು, ಕೆಳಗ ಅದಕ್ಕಿಂತ ಬಾಳ ಹಳೇ ಗ್ರಾನೈಟ್ ಜಾತಿಯ ಕಲ್ಲು ಸಿಕ್ಕಿತು. ಕಲಬುರಗಿ ಕಡೆ ಕೆಲವು ಕಡೆ ಕರಿಕಲ್ಲಿನ ಕೆಳಗ ನಮ್ಮ ಮನಿಯ ಶಹಾಬಾದ್ ಫರಸಿಯೇ ಅದ.

ಈಗ ನೀರಿನ ಮಾತು. ಒಂದೊಂದು ಹಾಸಿನ ನಡುಭಾಗ ಗಟ್ಟಿ, ಬಿರುಕು ಇದ್ರಷ್ಟೇ ನೀರು. ಮ್ಯಾಲಿನ ಭಾಗದಾಗ ಗಾಳಿಗುಳ್ಳೆಯ ತೂತು ಇರ್ತಾವ. ಬಾಳ ಕಡೆ ಆ ತೂತಿನಾಗ ಬಿಳಿ ಹರಳು ತುಂಬಿಕೊಂಡಿರ್ತದ. ಬೋರಿನ ಪುಡಿಯಾಗ ಬಿಳಿ ಚುಕ್ಕಿ ಕಾಣೋದು ಅದೇ. ಇನ್ನ ಕೆಂಪು ಮಣ್ಣು: ಒಂದು ಹಾಸು ಆರಿ, ಮಳೆಗಾಳಿಗೆ ಕೊಳೆತು ಮಣ್ಣಾದ ಮ್ಯಾಲೆ ಮುಂದಿನ ಲಾವಾ ಅದನ್ನ ಮುಚ್ಚಿತು. "ಕೆಂಪು ಬಂತು, ಇನ್ನ ನೀರು ಬಂದೇ ಬರ್ತದ" ಅಂತ ಗಾಡಿಯವರು ಹುರುಪು ತುಂಬತಾರ. ಆದ್ರ ಅದು ಜಿಗುಟು ಮಣ್ಣು, ನೀರು ಸುಲಭವಾಗಿ ಬಿಟ್ಟುಕೊಡೋದಲ್ಲ. ನೆನೆದು ಉಬ್ಬಿ ಬೋರು ಕುಸಿಯೋದೂ ಉಂಟು. ಅದರ ಮ್ಯಾಲಿನ ಕಲ್ಲಿನಾಗ ನೀರು ನಿಂತಿದ್ರ ಸಿಕ್ಕೀತು, ಖಾತ್ರಿ ಅಲ್ಲ.

ನೀರು ಹೆಚ್ಚಾಗಿ ಇರೋದು ಮ್ಯಾಲಿನ ಕೊಳೆತ ಕಲ್ಲು, ಗರಸಿನಾಗ. ಕೆಳಗ ಹೋದಂಗ ಬಿರುಕು ಕಡಿಮಿ. ಮ್ಯಾಲಿಂದ ಇಳಿಯೋದೂ ನಿಧಾನ. ಯಾಕಂದ್ರ ಇದೇ ಕಲ್ಲು ಕರಗಿ ಆದದ್ದು ನಮ್ಮ ಎರಿ ಮಣ್ಣು. ಬ್ಯಾಸಿಗಿಯಾಗ ಬಿರಿದು ಮೊದಲ ಮಳೆ ಕುಡೀತದ, ಆಮ್ಯಾಲೆ ಉಬ್ಬಿ ಬಾಯಿ ಮುಚ್ಚಿಕೊಳ್ತದ. ಹಸಿ ಹಿಡಿದು ಹಿಂಗಾರಿ ಜ್ವಾಳ ಬೆಳೆಸೋ ಗುಣ, ಕೆಳಗಿನ ಬೋರಿಗೆ ಮಾತ್ರ ಅಡ್ಡಿ.

ನಮ್ಮೂರಾಗ ಅಣ್ಣ ತಮ್ಮ ಇಬ್ಬರು ಬದುವಿನ ಆಚೀಚೆ ಬೋರು ಹೊಡೆದು ಮಾತು ಬಿಟ್ಟಾರ. ತಮ್ಮನ ಬೋರಿಗೆ ನೀರು ಬಿದ್ದ ಮ್ಯಾಲೆ ಅಣ್ಣನ ಲಿಂಬಿ ಒಣಗಿತು ಅನ್ನೋದು ಜಗಳ. ಹಾಸು ಹೆಚ್ಚುಕಡಿಮಿ ಸಪಾಟು ಇರೋದ್ರಿಂದ ಇಬ್ಬರ ಹೊಲದ ಕೆಳಗೂ ಅದೇ ಕಲ್ಲು. ಬಿರುಕು ಕೂಡಿದ್ರ ಅದೇ ನೀರು. ಇಬ್ಬರೂ ಮತ್ತ ಆಳಕ್ಕೆ ಹೋದ್ರ ಸಾಲ ಎರಡು ಆಗ್ತದ, ನೀರು ಎರಡಾಗಂಗಿಲ್ಲ. ಅದೇ ರೊಕ್ಕದಾಗ ಬದುವಿನ ಹತ್ರ ಗರಸು ಮುಟ್ಟುವಂಗ ಹೊಂಡ ತೋಡಿ ಹಳ್ಳದ ನೀರು ತಿರುವಿದ್ರ, ಎರಡೂ ತೋಟಕ್ಕೆ ಆಸರೆ ಆದೀತು. ದೊಡ್ಡವರು ಕೂತು ಇಬ್ಬರಿಗೂ ಹೇಳಬೇಕು ಅಂತ ನಿಶ್ಚಯ ಆಗ್ಯದ.

ನೀವು ಬೋರು ಹೊಡಿಸುವಾಗ ಒಂದು ಕೆಲಸ ಮಾಡ್ರಿ. ಎಷ್ಟು ಫೂಟಿಗೆ ಗರಸು ಮುಗೀತು, ಎಷ್ಟಕ್ಕೆ ಬಿಳಿ ಚುಕ್ಕಿ, ಎಷ್ಟಕ್ಕೆ ಕೆಂಪು, ಎಲ್ಲಿ ನೀರು, ಎಲ್ಲಾ ಒಂದು ವಹಿಯಾಗ ಬರೆದಿಡ್ರಿ. ಹತ್ತು ಹೊಲದ ಲೆಕ್ಕ ಕೂಡಿದ್ರ ಊರಿನ ಕೆಳಗಿನ ನಕ್ಷೆ ತಯಾರಾಗ್ತದ. ಹಳೇ ಬೋರಿನ ಲೆಕ್ಕ ನೆನಪಿದ್ರ ಇಲ್ಲೇ ತಿಳಸ್ರಿ, ನಾನು ಕೂಡಿಸಿ ಹಾಕ್ತೀನಿ.