ಕೋಡಿಯ ನೀರು, ತವರಿನ ಗದ್ದೆ

ಶಿವಮೊಗ್ಗೆಯ ಗೋಪಾಳದಲ್ಲಿ ನಾವು ಮನೆ ಮಾಡಿ ಇಪ್ಪತ್ತು ವರ್ಷಗಳು ಸಂದಿವೆ. ಆದರೂ ಊರು ಯಾವುದೆಂದು ಯಾರಾದರೂ ಕೇಳಿದರೆ ನನ್ನ ಬಾಯಿಗೆ ಮೊದಲು ಬರುವುದು ಶಿರಾಳಕೊಪ್ಪದ ಹೆಸರೇ. ಕಳೆದ ಮಾಘಮಾಸದಲ್ಲಿ ಅಣ್ಣನಿಂದ ಕರೆ ಬಂದಿತು. ಗದ್ದೆಯನ್ನು ಅಡಿಕೆ ತೋಟ ಮಾಡಬೇಕೆಂದಿರುವೆ, ಸಾಲಕ್ಕೆ ಅರ್ಜಿ ಹಾಕಬೇಕು, ಪಹಣಿಯಲ್ಲಿ ನಿನ್ನ ಹೆಸರೂ ಇದೆ, ಬಂದು ಸಹಿ ಮಾಡಿ ಹೋಗು ಎಂದನು.

ಸವಳಂಗ, ಶಿಕಾರಿಪುರಗಳ ಮಾರ್ಗವಾಗಿ ಹೊರಟೆವು. ಬಾಲ್ಯದಲ್ಲಿ ಈ ದಾರಿಯುದ್ದಕ್ಕೂ ಕಾಣುತ್ತಿದ್ದುದು ಭತ್ತದ ಗದ್ದೆಗಳು, ಕುಯಿಲು ಮುಗಿದ ಮೇಲೆ ಹುಲ್ಲಿನ ಬಣವೆಗಳು. ಈಗ ಮೆಕ್ಕೆಜೋಳದ ಕೂಳೆ ಒಂದೆಡೆ, ಶುಂಠಿ ಅಗೆದ ಮಣ್ಣು ಇನ್ನೊಂದೆಡೆ, ನಡುನಡುವೆ ಎಳೆಯ ಅಡಿಕೆ ಸಸಿಗಳ ಸಾಲು. ಶಿರಾಳಕೊಪ್ಪವು ಸುತ್ತಲಿನ ಹಳ್ಳಿಗಳ ಫಸಲನ್ನು ನಂಬಿಕೊಂಡ ಸಣ್ಣ ಪೇಟೆ. ಮಳೆ ಚೆನ್ನಾಗಿ ಆದ ವರ್ಷ ಬಟ್ಟೆಯಂಗಡಿಯವರ ಮುಖವೂ ಅರಳುತ್ತದೆ.

ಅಲ್ಲಿಂದ ಬಳ್ಳಿಗಾವಿಗೆ ಎರಡು ಕಿಲೋಮೀಟರಿನಷ್ಟು ದಾರಿ. ಸಹಿಯ ಮಾತು ಬರುವ ಮೊದಲೇ ನಾನು ಅಲ್ಲಿಗೆ ಹೋಗಿಬರುವ ಹಟ ಹಿಡಿದೆ. ಅಲ್ಲಮಪ್ರಭುಗಳು ಜನಿಸಿದ ನೆಲವೆಂದು ನಮ್ಮವರಿಗೆ ಅದು ಪುಣ್ಯಕ್ಷೇತ್ರ. ಬನವಾಸಿ ಹನ್ನೆರಡು ಸಾವಿರದ ರಾಜಧಾನಿಯಾಗಿದ್ದ ಊರು. ಬೇಲೂರಿನ ಶಿಲ್ಪಗಳಲ್ಲಿ ಹೆಸರು ಕೊರೆದಿರುವ ದಾಸೋಜ, ಅವನ ಮಗ ಚಾವಣ ಇಲ್ಲಿಯವರು. ಇಂದು ಅದು ಹೊಲಗದ್ದೆಗಳ ನಡುವಿನ ಒಂದು ಹಳ್ಳಿ. ಗುಡಿಯ ಪಕ್ಕದಲ್ಲೇ ಎಮ್ಮೆಗಳು ಮೇಯುತ್ತವೆ. ಅದರಲ್ಲಿ ಕೊರತೆಯೇನೂ ನನಗೆ ಕಾಣಲಿಲ್ಲ.

ಕೇದಾರೇಶ್ವರ ಗುಡಿಯ ಆವರಣದಲ್ಲಿ ಬಹಳ ಹೊತ್ತು ಕುಳಿತೆವು. ಇಲ್ಲಿ ಕಾಳಾಮುಖ ಶೈವರ ಹೆಸರಾಂತ ಕೋಡಿಯ ಮಠವಿತ್ತು. ಕೆರೆಯ ಕೋಡಿಯ ಬಳಿ ಇದ್ದುದರಿಂದ ಅದಕ್ಕೆ ಆ ಹೆಸರು. ಬಿಜ್ಜಳನ ಕಾಲದ 1162ರ ಶಾಸನವು ಆ ಮಠದ ವರ್ಣನೆ ಮಾಡುತ್ತದೆ. ಅಲ್ಲಿ ವೇದ, ವ್ಯಾಕರಣ, ದರ್ಶನ, ಪುರಾಣ, ಕಾವ್ಯ, ನಾಟಕಗಳ ಅಧ್ಯಯನ ನಡೆಯುತ್ತಿತ್ತು. ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನವಿತ್ತು. ಜೈನ, ಬೌದ್ಧ ಭಿಕ್ಷುಗಳಿಗೂ ಬಾಗಿಲು ತೆರೆದಿತ್ತು. ರೋಗಿಗಳಿಗೆ ಚಿಕಿತ್ಸೆ, ಅಂಜಿ ಬಂದವರಿಗೆ ಅಭಯ. ಇಷ್ಟು ಜನರ ಹಸಿವನ್ನು ಹಿಂಗಿಸಿದ ಅಕ್ಕಿ ಎಲ್ಲಿಂದ ಬಂದಿತೆಂದು ಯಾತ್ರಿಕರು ಕೇಳುವುದಿಲ್ಲ. ಒಕ್ಕಲುತನದ ಮನೆಯಲ್ಲಿ ಹುಟ್ಟಿದ ನನಗೆ ಅದೇ ಮೊದಲು ತೋಚಿತು. ಸಮೀಪದ ತಾಳಗುಂದದ ಕಂಬದ ಮೇಲೆ ಐದನೆಯ ಶತಮಾನದಲ್ಲಿ ಕುಬ್ಜ ಕವಿ ಕದಂಬರ ವಂಶವನ್ನೆಲ್ಲ ಹೊಗಳಿ ಕೊನೆಗೆ ತಿಳಿಸುವುದು ಕಾಕುಸ್ಥವರ್ಮನು ಶಿವಾಲಯದ ಬಳಿ ಕೆರೆ ಕಟ್ಟಿಸಿದ ಸಂಗತಿಯನ್ನೇ.

ನಮ್ಮ ಗದ್ದೆಯೂ ಕೆರೆಯ ಕೆಳಗಿನದೇ. ಸಂಜೆ ಅಣ್ಣನೊಡನೆ ಬದುವಿನ ಮೇಲೆ ನಡೆದೆ.

“ಭತ್ತದಲ್ಲಿ ನಾಟಿಯ ಕೂಲಿಯೂ ಹುಟ್ಟುವುದಿಲ್ಲ, ತಂಗೀ. ತೋಟವಾದರೆ ನಿನ್ನ ಅಳಿಯ ಬೆಂಗಳೂರು ಬಿಟ್ಟು ಬಂದಾನು” ಎಂದನು.

ಅವನ ಮಾತು ಸುಳ್ಳಲ್ಲ. ಅರವತ್ತೆಂಟರ ಅಣ್ಣ, ಅರವತ್ತು ದಾಟಿದ ಅತ್ತಿಗೆ, ದುಡಿಯುವವರು ಇಬ್ಬರೇ. ಜಪಾನಿನ ಹಳ್ಳಿಗಳಲ್ಲಿಯೂ ಭತ್ತದ ಗದ್ದೆಗೆ ಇಳಿಯುವವರು ಬಹುಪಾಲು ಮುದುಕರೇ ಎಂದು ಓದಿದ್ದೆ, ಇಲ್ಲಿ ಕಣ್ಣಾರೆ ಕಂಡೆ. ಆದರೆ ಅಡಿಕೆಯ ಬೇರಿಗೆ ನಿಂತ ನೀರು ಆಗದು, ಆಳವಾದ ಬಸಿಗಾಲುವೆ ತೆಗೆಯಲೇಬೇಕು. ನಮ್ಮದು ಮೇಲಿನ ಗದ್ದೆ. ನಮ್ಮಲ್ಲಿ ತುಂಬಿದ ನೀರು ಹಾಯ್ದೇ ಕೆಳಗಿನ ನಾಲ್ಕು ಮನೆಯವರ ಭತ್ತ ಬೆಳೆಯುವುದು. ಕಾಲುವೆ ತೆಗೆದರೆ ಆ ನೀರು ನೇರವಾಗಿ ಹಳ್ಳ ಸೇರುತ್ತದೆ.

“ಅಣ್ಣಾ, ಕೆಳಗಿನವರನ್ನು ಕೇಳಿದೆಯಾ?” ಎಂದೆ.

ಅವನು ಉತ್ತರಿಸಲಿಲ್ಲ. ಬಗ್ಗಿ, ಏಡಿ ಕೊರೆದಿದ್ದ ಬದುವಿನ ತೂತಿಗೆ ಕಾಲಿನಿಂದ ಮಣ್ಣು ತುಳಿದನು. ಸ್ವಲ್ಪ ಹೊತ್ತಿನ ಮೇಲೆ, “ಅಪ್ಪನೂ ಹೀಗೆಯೇ ಕೇಳುತ್ತಿದ್ದ” ಎಂದನು.

ಮರುದಿನ ಕೆಳಗಿನ ಗದ್ದೆಯವರನ್ನು ಜಗಲಿಗೆ ಕರೆಸಿದನು. ಮಾತು ಒಂದೇ ಕಡೆ ನಿಲ್ಲಲಿಲ್ಲ. ಒಬ್ಬರು ತಾವೂ ಅಡಿಕೆಯನ್ನೇ ಹಾಕುವೆವೆಂದರು, ಇನ್ನೊಬ್ಬರು ಮನೆಯ ಊಟದ ಅಕ್ಕಿಗೆ ಅದೊಂದೇ ತುಂಡು ಎಂದರು. ಅತ್ತಿಗೆ ಎರಡು ಸಲ ಚಹಾ ಕೊಟ್ಟರು. ಕಡೆಗೆ ಪಕ್ಕದ ಅಂಚಿನಲ್ಲಿ ಒಂದು ನೀರುಗಾಲುವೆ ಬಿಟ್ಟು ಅರ್ಧ ಗದ್ದೆಗೆ ಮಾತ್ರ ಅಡಿಕೆ ಹಾಕುವುದೆಂದು ಅಣ್ಣನು ಒಪ್ಪಿದನು. ಕಾಲುವೆ ಕೆಲಸ ಯುಗಾದಿಯ ಮೇಲೆ, ಸಹಿ ಅದು ಮುಗಿದ ಮೇಲೆ.

ಬಸ್ಸು ಹತ್ತುವಾಗ ಅತ್ತಿಗೆ ಹೊಸ ಅಕ್ಕಿಯ ಚೀಲವೊಂದನ್ನು ನನ್ನ ಕಾಲ ಬಳಿ ಇರಿಸಿದರು.