ಡಬ್ಬಿಯೊಳಗಿನ ಯೊಯೊ

ಬೆಟಗೇರಿಯ ನಮ್ಮ ಓಣಿಯಲ್ಲಿ ಮಕ್ಕಳ ಕೈಗೆ ಮೊದಲು ಬರುತ್ತಿದ್ದದ್ದು ಬುಗುರಿ. ಯೊಯೊ ಬಂದದ್ದು ಆಮೇಲೆ, ಅದೂ ಜಾತ್ರೆ, ಉರುಸುಗಳ ಅಂಗಡಿಯಿಂದ, ಪ್ಲಾಸ್ಟಿಕ್ಕಿನದು. ಎರಡಕ್ಕೂ ದಾರವೇ ಜೀವ. ಮಗ್ಗಗಳ ಊರಿನಲ್ಲಿ ದಾರಕ್ಕೇನು ಬರ? ನೇಕಾರರ ಮನೆಯಲ್ಲಿ ಉಳಿದ ಹತ್ತಿಯ ನೂಲು ಕೇಳಿ ತಂದು, ನಾಲ್ಕೆಳೆ ಸೇರಿಸಿ ಬಿಗಿಯಾಗಿ ಹೊಸೆದು ನಡುವೆ ಮಡಚಿದರೆ ತಾನೇ ಸುತ್ತಿಕೊಂಡು ಹುರಿಯಾಗುತ್ತಿತ್ತು. ಮಡಚಿದ ತುದಿಯ ಕುಣಿಕೆಯನ್ನು ಯೊಯೊದ ನಡುಗಡ್ಡಿಗೆ ಹಾಕುತ್ತಿದ್ದೆವು. ಗಂಟು ಹಾಕುತ್ತಿರಲಿಲ್ಲ, ಗುಟ್ಟಿರುವುದೇ ಅಲ್ಲಿ. ಗಂಟಿದ್ದರೆ ಯೊಯೊ ಕೆಳಗಿಳಿದು ಕೂಡಲೇ ಮೇಲೆ ಬರುತ್ತದೆ. ಕುಣಿಕೆ ಸಡಿಲವಿದ್ದರೆ ಕೆಳಗೇ ನಿಂತು ತಿರುಗುತ್ತದೆ, ಬೆರಳು ಜಗ್ಗಿದಾಗ ಮಾತ್ರ ಏರುತ್ತದೆ. ಫಿಲಿಪ್ಪೀನ್ಸ್ ಮೂಲದ ಪೆಡ್ರೊ ಫ್ಲೋರೆಸ್ 1928ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಯೊಯೊ ಕಂಪನಿ ತೆರೆದು ಅಮೆರಿಕದವರನ್ನು ಮರುಳು ಮಾಡಿದ್ದು ಈ ಕುಣಿಕೆಯಿಂದ. ಹಾಗೆಂದು ಆಟ ನಮಗೆ ಹೊಸತೇನಲ್ಲ; 18ನೆಯ ಶತಮಾನದ ರಾಜಸ್ಥಾನದ ವರ್ಣಚಿತ್ರಗಳಲ್ಲಿ ಯೊಯೊ ಆಡುವ ಹೆಂಗಸರಿದ್ದಾರೆ.

ನಾವು ಆಡುವವರು. ನಮ್ಮ ಹಿರಿಯಣ್ಣ ಕೂಡಿಡುವವರು. ಲಾರಿ ಓಡಿಸುತ್ತಿದ್ದ ಅವರು ಬೆಂಗಳೂರು–ಮೈಸೂರು ರಸ್ತೆಯಲ್ಲಿ ಹೋದಾಗಲೆಲ್ಲ ಚನ್ನಪಟ್ಟಣದಲ್ಲಿ ಇಳಿದು ಅರಗಿನ ಬಣ್ಣದ ಮರದ ಯೊಯೊ ತರುತ್ತಿದ್ದರು. ಹಾಲೆ ಮರದ ತುಂಡು ಚರಕಿಯಲ್ಲಿ ತಿರುಗುತ್ತಿರುವಾಗ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಕರಗಿ ಬಣ್ಣ ಹಿಡಿಯುತ್ತದೆ ಎಂದು ಅವರು ಹೇಳುವಾಗ ತಾವೇ ಮಾಡಿದಂತೆ ಹೇಳುತ್ತಿದ್ದರು. ಒಂದೊಂದಕ್ಕೂ ಚೀಟಿ ಅಂಟಿಸಿ ತಾರೀಖು ಬರೆದು, ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು, ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ನಮಗೆ ಇದು ಜಿಪುಣತನವಾಗಿ ಕಾಣುತ್ತಿತ್ತು.

ಐದು ವರ್ಷದ ಹಿಂದೆ ಅಣ್ಣ ತೀರಿಕೊಂಡರು. ಡಬ್ಬಿಯಲ್ಲಿ ಹದಿನಾಲ್ಕು ಯೊಯೊಗಳಿದ್ದವು. ಈ ವರ್ಷ ಅವರ ಮಗ ಅದನ್ನು ಕೇಳತೊಡಗಿದ. ದುಬೈಯಿಂದ ಬಂಧುವೊಬ್ಬರು ಕಳುಹಿಸಿದ ಅಲ್ಯೂಮಿನಿಯಂ ಯೊಯೊ ಅವನ ಬಳಿ ಇತ್ತು, ಬೆಲೆ ಸಾವಿರಗಳಲ್ಲಿ. ಬೇರಿಂಗ್ ಇರುವ ಈ ಜಾತಿಯದು ಜಗ್ಗಿದರೆ ಮೇಲೆ ಬರುವುದಿಲ್ಲ. ದಾರವನ್ನು ಸಡಿಲ ಬಿಟ್ಟು ಮಡಚಿ ಹಿಡಿಸುವ ಕೈಚಳಕ ಬೇಕು. ಹುಡುಗ ಅದು ಕೆಟ್ಟಿದೆ ಎಂದೇ ತಿಳಿದಿದ್ದ. ಕಲಿಯುವವನಿಗೆ ಜಾತ್ರೆಯ ಇಪ್ಪತ್ತು ರೂಪಾಯಿಯದೇ ವಾಸಿ, ಅದಕ್ಕಿಂತ ಮರದ್ದು ವಾಸಿ.

ಕೊಡೋಣವೆಂದರೆ ಅಮ್ಮ ಒಪ್ಪಲಿಲ್ಲ. "ಆಡಿದರ ಚೀಟಿ ಹೋಗತಾವು, ಅವನ ಅಕ್ಷರ ಮತ್ತ ಬರತಾವೇನು?" ಎಂದರು. ಅಂಗೈ ಬೆವರಿಗೆ ಆ ಹಳೆಯ ಕಾಗದ ಒಂದು ವಾರವೂ ಉಳಿಯದು, ಅದು ನಿಜ. ಆಡುವುದೇ ದೊಡ್ಡದೆಂದು ಇಷ್ಟು ಕಾಲ ವಾದಿಸಿದ ನಮಗೂ ಆ ಹೊತ್ತು ಬಾಯಿ ಬರಲಿಲ್ಲ. ಕೂಡಿಟ್ಟದ್ದು ಮರವಲ್ಲ, ಅಣ್ಣ ಓಡಾಡಿದ ದಿನಗಳು.

ಎರಡು ದಿನದ ಮೇಲೆ ಅಮ್ಮನೇ ಡಬ್ಬಿ ತೆಗೆದರು. ಹಬೆ ಹಿಡಿದು ನಾಲ್ಕು ಚೀಟಿ ಬಿಡಿಸಿ ಅಣ್ಣನ ಲೈಸೆನ್ಸಿನ ಜೊತೆ ಇಟ್ಟರು. ಆ ನಾಲ್ಕು ಹುಡುಗನ ಪಾಲಾದವು. ಒಂದು ಆಗಲೇ ಕಲ್ಲಿಗೆ ಬಡಿದು ಅರಗು ಎದ್ದಿದೆ. ದಾರ ವಾರಕ್ಕೊಂದು ಸವೆಯುತ್ತದೆ. ನೂಲು ಹೊಸೆದುಕೊಡುವವರು ನಾವು. ಯೊಯೊ ಕೆಳಗೆ ನಿಲ್ಲುವುದು ಇನ್ನೂ ಅವನಿಗೆ ಒಲಿದಿಲ್ಲ.